ಎರಡು ಗೇಣು ನೀಲಿ ನೀರು

ಮೊನ್ನೆ ಕೆ.ಆರ್. ನಗರಕ್ಕೆ ಹೋದವಳು ಬಟ್ಟೆಗೆ ಹಾಕುವ ನೀಲಿಯ ಪುಟ್ಟ ಬಾಟಲಿಯೊಂದನ್ನು ಕೊಂಡು ತಂದೆ. ನಮ್ಮ ಯಜಮಾನರಿಗೆ ಬಿಳಿ ಪಂಚೆಯ ಹುಚ್ಚು ಹೊಸದಾಗಿ ಹಿಡಿದಿದೆ. ಗದ್ದೆ ಕೆಸರಿನಲ್ಲಿ ಇಡೀ ಆಯುಸ್ಸು ಕಳೆದಾಗ ಬೇಡವಾಗಿದ್ದ ಬಿಳುಪು ಈಗ ಅರಳಿಕಟ್ಟೆಯ ಮೇಲೆ ಕೂತು ಹರಟೆ ಹೊಡೆಯುವುದಕ್ಕೆ ಬೇಕಂತೆ. ಬಕೆಟ್ಟಿನ ನೀರಿಗೆ ಎರಡು ಹನಿ ಬಿಟ್ಟೆ. ನೀಲಿ ಎಳೆ ಎಳೆಯಾಗಿ ಕೆಳಗಿಳಿದು ನೀರೆಲ್ಲ ಹರಡುತ್ತಿದ್ದ ಹಾಗೆ ನನ್ನ ಕೈ ಅಲ್ಲೇ ನಿಂತಿತು... ಇದೇ ಬಣ್ಣದ ನೀರು ನಮ್ಮ ಅಡುಗೆಮನೆಯ ಗೋಡೆಯ ಮೇಲೆ ಎಷ್ಟೋ ವರ್ಷ ಏರುತ್ತಿತ್ತು, ಇಳಿಯುತ್ತಿತ್ತು. ಅದನ್ನು ಅಲ್ಲಿ ಕೂರಿಸಿದ ಮನುಷ್ಯನ ಮುಖ ಕಣ್ಣೆದುರು ಬಂದು, ಪಂಚೆ ಬಕೆಟ್ಟಿನಲ್ಲೇ ನೆನೆದು ಆಕಾಶದ ಬಣ್ಣಕ್ಕೆ ತಿರುಗಿತು. ಅದಕ್ಕೆ ಬೈಸಿಕೊಂಡದ್ದೂ ಆಯಿತು.

ಅವರನ್ನು ನಾವೆಲ್ಲ ಗ್ಯಾಸ್ ಮೇಸ್ತ್ರಿ ಅನ್ನುತ್ತಿದ್ದೆವು. ಹುಣಸೂರಿನ ಮುಸಲ್ಮಾನರ ಮನೆಯವರು. ಅಪ್ಪ, ಚಿಕ್ಕಪ್ಪಂದಿರೆಲ್ಲ ಮರಗೆಲಸದವರು. ಇವರು ಮರ ಬಿಟ್ಟು ಇಟ್ಟಿಗೆಗೆ ಬಂದಿದ್ದರು. ಸಗಣಿ ಗ್ಯಾಸಿನ ಗುಂಡಿ ಕಟ್ಟುವ ದೊಡ್ಡ ಮೇಸ್ತ್ರಿಯೊಬ್ಬರ ಕೈಕೆಳಗೆ ಗಾರೆ ಕಲಸುತ್ತ ಕೆಲಸ ಕಲಿತವರು. ಆಗ ಅವರಿಗೆ ಮೂವತ್ತರ ಆಸುಪಾಸು ಇರಬೇಕು. ಸಣಕಲು ಆಳು, ಚೌಕಳಿ ಲುಂಗಿ, ತಲೆಗೆ ಸುತ್ತಿದ ಟವೆಲು. ಸ್ವಂತಕ್ಕೆ ಅಂತ ಅವರು ಹಿಡಿದ ಮೊದಲನೆಯ ಕೆಲಸ ಮಿರ್ಲೆಯ ನಮ್ಮ ಮನೆಯದು. ಅದನ್ನು ಅವರು ಮುಚ್ಚಿಡಲೂ ಇಲ್ಲ. ಅಳತೆ ಹಾಕಲು ಬಂದ ದಿನವೇ ಹಿತ್ತಿಲಲ್ಲಿ ನಿಂತು ಹೇಳಿದ್ದರು:

"ಇದು ನಿಂತ್ರೆ ನಾನು ಮೇಸ್ತ್ರಿ ಕಣ್ರೀ. ಸೋರಿದ್ರೆ ನಮ್ಮಣ್ಣನ ಹಿಂದೆ ಎನ್. ಬೇಗೂರು ದಾಟಿ ಕೇರಳಕ್ಕೆ, ಇಟ್ಟಿಗೆ ಹೊರೋಕೆ."

ಗ್ಯಾಸ್ ಆಫೀಸಿನ ಸಾಹೇಬರು ಅವರಿಗೆ ಇಟ್ಟಿದ್ದ ಷರತ್ತೂ ಅದೇ. ಮೊದಲ ಗುಂಡಿ ಪರೀಕ್ಷೆಯಲ್ಲಿ ಪಾಸಾದರೆ ಮುಂದಿನ ಮನೆಗಳು ಅವರ ಕೈಗೆ. ಇಲ್ಲದಿದ್ದರೆ ಮತ್ತೆ ಗಾರೆ ಕಲಸುವುದೇ.

ನನಗಂತೂ ಆ ಗ್ಯಾಸು ಬೇಕೇ ಬೇಕಾಗಿತ್ತು. ನಾನು ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪಿನ ಊರಿನವಳು. ಸೊಪ್ಪು ಬೇಯಿಸುವ ಬ್ಯಾರನ್ನಿನ ಪಕ್ಕದಲ್ಲೇ ಹುಟ್ಟಿ ಬೆಳೆದವಳಿಗೆ ಹೊಗೆ ಹೊಸದೇನಲ್ಲ. ಆದರೆ ತವರಿನ ಬ್ಯಾರನ್ನಿನ ಹೊಗೆ ಸೂರಿನ ಮೇಲಿನ ಕೊಳವೆಯಲ್ಲಿ ಹೊರಗೆ ಹೋಗುತ್ತಿತ್ತು, ಗಂಡನ ಮನೆಯ ಅಡುಗೆಮನೆಯ ಹೊಗೆ ನನ್ನ ಕಣ್ಣಿನ ಮೂಲಕ ಹೋಗುತ್ತಿತ್ತು. ನಾಲೆಯ ಊರು, ಸೌದೆ ಯಾವಾಗಲೂ ಹಸಿ. ಊದಿ ಊದಿ ಬಾಯಿ ಒಣಗಿ, ಸಾಯಂಕಾಲದ ಹೊತ್ತಿಗೆ ಕಣ್ಣು ಕೆಂಡವಾಗಿರುತ್ತಿತ್ತು. ಗಂಡನಿಗೆ ರೇಗುವುದಕ್ಕೆ ನನಗೆ ಬೇರೆ ಕಾರಣ ಬೇಕಿರಲಿಲ್ಲ.

ನಮ್ಮತ್ತೆ ಗ್ಯಾಸು ಬೇಡ ಅಂದವರಲ್ಲ, ಬೇಕು ಅಂದವರೂ ಅಲ್ಲ. ಕೊಟ್ಟಿಗೆಯಲ್ಲಿ ಏಳೆಂಟು ದನವಿದ್ದವು, ಅವುಗಳ ಸಗಣಿ ಎಲ್ಲಿಗೆ ಹೋಗುತ್ತದೆ ಅನ್ನುವುದಷ್ಟೇ ಅವರ ಪ್ರಶ್ನೆ. ದನವೆಂದರೆ ಅವರಿಗೆ ಪ್ರಾಣ. ಇನ್ನೊಂದು ಪ್ರಾಣ ಅಂದರೆ ಅಡುಗೆಮನೆ. ಅಲ್ಲಿಗೆ ಹೊರಗಿನವರು ಬರಕೂಡದು. ಹೊರಗಿನವರು ಅಂದರೆ ಯಾರು ಅಂತ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಮೇಸ್ತ್ರಿಗೂ ಗೊತ್ತಿತ್ತು. ಅವರ ಕಾಫಿಯ ಲೋಟ ಹಿತ್ತಿಲ ಗೋಡೆಯ ಗೂಡಿನಲ್ಲಿರುತ್ತಿತ್ತು. ತಾವೇ ತೆಗೆದುಕೊಂಡು, ಕುಡಿದು, ತೊಳೆದು, ಅಲ್ಲೇ ಬೋರಲು ಹಾಕುತ್ತಿದ್ದರು. ಅದನ್ನು ನೋಡಿ ನನಗೆ ಏನಾದರೂ ಅನ್ನಿಸಿತ್ತೇ ಅಂದರೆ, ಆಗ ಏನೂ ಅನ್ನಿಸಿರಲಿಲ್ಲ. ಎಲ್ಲರ ಮನೆಯಲ್ಲೂ ಹಾಗೇ ಇತ್ತು.

ಹಿತ್ತಿಲಲ್ಲಿ ದುಂಡನೆಯ ಗುಂಡಿ ತೋಡಿ, ಅದರ ಮೇಲೆ ಇಟ್ಟಿಗೆಯ ಗುಮ್ಮಟ ಎಬ್ಬಿಸಿದರು. ಕೆಳಗೆ ಮರದ ಆಸರೆ ಏನೂ ಇಲ್ಲ. ತಂತಿಯ ಕೊಕ್ಕೆಗೆ ಕಲ್ಲು ನೇತುಹಾಕಿ ಒಂದೊಂದು ಇಟ್ಟಿಗೆಯನ್ನೂ ಗಾರೆ ಬಿಗಿಯುವ ತನಕ ಹಿಡಿದು ನಿಲ್ಲಿಸುತ್ತಿದ್ದರು. ಸುತ್ತಿನ ಮೇಲೆ ಸುತ್ತು ಬಂದು ನೆತ್ತಿಯಲ್ಲಿ ಒಂದು ಕಬ್ಬಿಣದ ಕೊಳವೆ ಕೂತಿತು. ಆಮೇಲೆ ಅವರು ಒಳಗಿಳಿದು ಗಾರೆ ಹಚ್ಚಲು ಶುರು ಮಾಡಿದರು. ಲಾಟೀನು ಹಿಡಿದು ಒಳಗೆ ಹೋದರೆ ಊಟದ ಹೊತ್ತಿಗೇ ಹೊರಗೆ. ನೆಲದ ಕೆಳಗಿನಿಂದ ಅವರು ಗುನುಗುವ ಹಾಡು ಕೇಳಿಸುತ್ತಿತ್ತು, ಉರ್ದುವಿನದು, ಅರ್ಥವಾಗುತ್ತಿರಲಿಲ್ಲ. ನಮ್ಮ ಯಜಮಾನರು ಇನ್ನೂ ಎಷ್ಟು ದಿನ ಹಚ್ಚುತ್ತೀರಿ ಅಂತ ಕೇಳಿದರೆ, ಇಟ್ಟಿಗೆ ನಿಲ್ಲಿಸೋದು ದೊಡ್ಡದಲ್ಲ, ಗಾಳಿ ನಿಲ್ಲಿಸೋದು ದೊಡ್ಡದು ಅನ್ನುತ್ತಿದ್ದರು.

ಗಾಳಿ ನಿಂತಿದೆಯೋ ಇಲ್ಲವೋ ನೋಡುವುದಕ್ಕೆ ಅವರ ಹತ್ತಿರ ಒಂದು ಸಾಧನವಿತ್ತು. ಸಾಹೇಬರು ಅದನ್ನು ಮಾನೋಮೀಟರ್ ಅನ್ನುತ್ತಿದ್ದರು, ಮೇಸ್ತ್ರಿ ಬರೀ ಮೀಟರು ಅನ್ನುತ್ತಿದ್ದರು. ಮೀಟರಿಗೆ ಮುಳ್ಳೂ ಇಲ್ಲ, ಗಾಜೂ ಇಲ್ಲ. ಒಂದು ಹಲಗೆ, ಅದಕ್ಕೆ ಲಾಳದ ಆಕಾರದಲ್ಲಿ ಬಗ್ಗಿಸಿ ಕಟ್ಟಿದ ಪಾರದರ್ಶಕ ಪ್ಲಾಸ್ಟಿಕ್ ಕೊಳವೆ, ಕೊಳವೆಯೊಳಗೆ ಅರ್ಧ ನೀರು. ನೀರು ಕಣ್ಣಿಗೆ ಕಾಣಲಿ ಅಂತ ಅದಕ್ಕೆ ಬಟ್ಟೆಯ ನೀಲಿ. ಕೊಳವೆಯ ಒಂದು ತುದಿ ಗುಂಡಿಯಿಂದ ಬರುವ ಪೈಪಿಗೆ, ಇನ್ನೊಂದು ತುದಿ ಬರೀ ಗಾಳಿಗೆ. ಗುಂಡಿಯೊಳಗೆ ಏನೂ ಒತ್ತಡ ಇಲ್ಲದಾಗ ಎರಡೂ ಕಾಲಿನಲ್ಲಿ ನೀರು ಒಂದೇ ಮಟ್ಟ. ಒಳಗೆ ಒತ್ತಡ ಹೆಚ್ಚಿದರೆ ಈ ಕಾಲಿನ ನೀರು ತಗ್ಗಿ ಆ ಕಾಲಿನದು ಮೇಲಕ್ಕೇರುತ್ತದೆ. ಎರಡರ ನಡುವಿನ ಅಂತರ ಎಷ್ಟೋ, ಒತ್ತಡ ಅಷ್ಟು.

ಅದನ್ನು ಒಲೆಯ ಪಕ್ಕದ ಗೋಡೆಗೇ ಹೊಡೆಯಬೇಕು, ಅಡುಗೆ ಮಾಡುವವರು ಗ್ಯಾಸು ಎಷ್ಟಿದೆ ಅಂತ ನೋಡಿಕೊಂಡು ಒಲೆ ಹಚ್ಚಬೇಕು ಅಂತ ಆಫೀಸಿನ ನಿಯಮ. ಅಡುಗೆಮನೆಗೆ ಮೇಸ್ತ್ರಿ ಬರುವ ಹಾಗಿಲ್ಲ. ಆದ್ದರಿಂದ ಅವರು ಹಿತ್ತಿಲ ಬಾಗಿಲ ಹೊರಗೆ ನಿಂತು ಹೇಳುವುದು, ನಮ್ಮ ಯಜಮಾನರು ಒಳಗೆ ಮೊಳೆ ಹೊಡೆಯುವುದು. ಹಲಗೆ ಸೊಟ್ಟಗಾಯಿತು, ಗೋಡೆಯ ಸುಣ್ಣ ಉದುರಿ ಸಾರಿನ ಪಾತ್ರೆಗೆ ಬಿತ್ತು, ಮೊಳೆ ಬಿಟ್ಟು ಬೆರಳಿಗೆ ಒಂದು ಏಟು ಬಿತ್ತು. ಮೇಸ್ತ್ರಿಯ ಕೈಯಾಗಿದ್ದರೆ ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಮುಗಿಯುವ ಕೆಲಸಕ್ಕೆ ಅರ್ಧ ಹಗಲು ಹಿಡಿಯಿತು. ಅಂತರ ಅಳೆಯುವ ಕೆಲಸ ನನ್ನದು. ಸ್ಕೇಲು ಮಗಳ ಸ್ಕೂಲ್ ಚೀಲದಲ್ಲಿ ಹೋಗಿಬಿಡುತ್ತಿದ್ದದ್ದರಿಂದ ನಾನು ಗೇಣು, ಬೆರಳಿನಲ್ಲೇ ಅಳೆದು ಕೂಗಿ ಹೇಳುತ್ತಿದ್ದೆ.

ಸಗಣಿ ತುಂಬುವ ಮೊದಲು ಬರೀ ನೀರು ತುಂಬಿ ಪರೀಕ್ಷೆ. ನಾಲೆಯಿಂದ ಪಂಪು ಹಾಕಿ ಗುಂಡಿಗೆ ನೀರು ಬಿಟ್ಟರು. ನೀರು ಏರಿದಂತೆಲ್ಲ ಗುಮ್ಮಟದೊಳಗೆ ಸಿಕ್ಕಿಬಿದ್ದ ಗಾಳಿ ಅಮುಕಿಕೊಂಡು, ನಮ್ಮ ಗೋಡೆಯ ಮೇಲೆ ನೀಲಿ ನೀರು ಮೆಲ್ಲಗೆ ಹತ್ತತೊಡಗಿತು. ನಾನು ಖುಷಿಯಿಂದ ಕೂಗುತ್ತಿದ್ದೆ. ನಮ್ಮತ್ತೆ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದವರು ಕೋಲು ಕೈಲಿ ಹಿಡಿದೇ ಅದನ್ನು ನೋಡುತ್ತ ನಿಂತುಬಿಟ್ಟಿದ್ದರು. ಮುದ್ದೆ ಗಂಟಾಯಿತು. ನೀರು ಎರಡು ಗೇಣಿಗೆ ನಿಂತಿತು. ನಾಳೆ ಬೆಳಿಗ್ಗೆಯವರೆಗೆ ಹೀಗೇ ಇರಬೇಕು, ಒಂದೆರಡು ಬೆರಳು ಇಳಿದರೆ ಚಿಂತೆಯಿಲ್ಲ ಅಂದು ಮೇಸ್ತ್ರಿ ಸೈಕಲ್ ಹತ್ತಿ ಕೆ.ಆರ್. ನಗರದ ತಮ್ಮ ನೆಂಟರ ಮನೆಗೆ ಹೋದರು. ಕೆಲಸ ಮುಗಿಯುವ ತನಕ ಅವರ ಬಿಡಾರ ಅಲ್ಲೇ.

ಮಾರನೆಯ ಬೆಳಿಗ್ಗೆ ಅವರು ಸೈಕಲ್ ಸ್ಟ್ಯಾಂಡ್ ಹಾಕುವುದಕ್ಕೂ ಮೊದಲೇ ಬಾಗಿಲ ಹೊರಗಿನಿಂದ ಕೇಳಿದರು.

"ಎಷ್ಟಕ್ಕದೆ ಅಕ್ಕಾ?"

ನಾನು ಅಳೆದೆ. ಒಂದು ಗೇಣೂ ಪೂರ್ತಿ ಇರಲಿಲ್ಲ. ಹೇಳಿದೆ. ಬಗ್ಗಿ ನೋಡಿದರೆ ಮೇಸ್ತ್ರಿ ಗುಮ್ಮಟದ ಮೇಲೆ ಎರಡೂ ಕೈ ಇಟ್ಟು ನಿಂತಿದ್ದರು.

ಮತ್ತೆ ನೀರು ಏರಿಸಿ ಎರಡು ಗೇಣಿಗೆ ತಂದರು. ಹಗಲೆಲ್ಲ ನಾನು ಅಳೆದದ್ದೇ ಅಳೆದದ್ದು. ಕೂದಲೆಳೆಯಷ್ಟೂ ಅಲುಗಲಿಲ್ಲ. ಬೆಳಗಾದರೆ ಮತ್ತೆ ಅರ್ಧಕ್ಕೆ ಇಳಿದಿರುತ್ತಿತ್ತು. ಅವರು ನೀರೆಲ್ಲ ಹೊರಗೆ ತೆಗೆದು ಒಳಗಿಳಿದರು. ಲಾಟೀನು ಬಿಟ್ಟು ಟಾರ್ಚ್ ಹಿಡಿದು ಅಂಗುಲ ಅಂಗುಲ ಹುಡುಕಿದರು. ಬಿರುಕು ಕಾಣಲಿಲ್ಲ. ಕಾಣದಿದ್ದರೂ ಅನುಮಾನ ಬಂದ ಕಡೆಯೆಲ್ಲ ತಾವೇ ಹಚ್ಚಿದ ಗಾರೆಯನ್ನು ಉಳಿಯಿಂದ ಕೆರೆದು ಮತ್ತೆ ಹಚ್ಚಿದರು. ಆಮೇಲೆ ಗುಮ್ಮಟದ ಒಳಗೆಲ್ಲ ಮೇಣ ಕಾಯಿಸಿ ಬಳಿದರು. ಬಿಸಿ ಮೇಣ ಬಿದ್ದು ಮುಂಗೈಯೆಲ್ಲ ಬೊಬ್ಬೆ ಎದ್ದಿತ್ತು. ಈ ಸಲ ಒಳಗಿನಿಂದ ಹಾಡು ಕೇಳಿಸಲಿಲ್ಲ.

ಮೇಣ ಆರಿದ ಮೇಲೆ ಮತ್ತೆ ನೀರು, ಮತ್ತೆ ಎರಡು ಗೇಣು. ಬೆಳಗಿಗೆ ಮತ್ತೆ ಅದೇ ಅರ್ಧ.

ಸಾಹೇಬರು ಸೋಮವಾರ ಬರುವವರಿದ್ದರು. ಶನಿವಾರ ಸಾಯಂಕಾಲ ಮೇಸ್ತ್ರಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ತಮಗೆ ತಾವೇ ಹೇಳಿಕೊಳ್ಳುವ ಹಾಗೆ ಹೇಳುತ್ತಿದ್ದರು. ಹಗಲು ನಿಲ್ಲುತ್ತದೆ, ಬೆಳಗಾಗುವಷ್ಟರಲ್ಲಿ ಇಳಿಯುತ್ತದೆ. ಚಳಿಗೆ ಗಾಳಿ ಕುಗ್ಗುತ್ತದೆ ಸರಿ, ಆದರೆ ಇಷ್ಟೊಂದಾ? ನೆತ್ತಿಯ ಕೊಳವೆಯ ಬುಡದಲ್ಲೇ ಎಲ್ಲೋ ದೋಷ ಇರಬೇಕು. ನಾಳೆ ಬಂದು ಗುಮ್ಮಟದ ತಲೆ ಒಡೆದು ಮತ್ತೆ ಕಟ್ಟುತ್ತೇನೆ. ಸೋಮವಾರಕ್ಕೆ ಆಗುವುದಿಲ್ಲ ಅಂತ ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಆ ಮುಖ ನೋಡಲಾರದೆ ನಾನು ಒಳಗೆ ಬಂದುಬಿಟ್ಟೆ. ನನ್ನ ಕಣ್ಣಿನ ಹೊಗೆಯ ಚಿಂತೆ ಆಗಲೇ ಮರೆತುಹೋಗಿತ್ತು, ನಿಜವಾಗಿ ಹೇಳುತ್ತೇನೆ. ಇಷ್ಟು ಕಷ್ಟಪಟ್ಟವನಿಗೆ ಹೀಗಾಗಬಾರದು ಅನ್ನುವುದೊಂದೇ ತಲೆಯಲ್ಲಿತ್ತು.

ಭಾನುವಾರ ಮಗಳಿಗೆ ಜ್ವರ. ಬಿಸಿನೀರು ಕಾಯಿಸೋಣ ಅಂತ ಕೋಳಿ ಕೂಗುವ ಹೊತ್ತಿಗೇ ಎದ್ದು ಅಡುಗೆಮನೆಗೆ ಹೋದೆ. ಅಲ್ಲಿ ನಮ್ಮತ್ತೆ, ಹಾಲು ಕರೆಯುವ ಚೆಂಬು ಪಕ್ಕಕ್ಕಿಟ್ಟು, ಗ್ಯಾಸ್ ಒಲೆಗೆಂದು ಎಳೆದಿದ್ದ ಪೈಪಿನ ನಲ್ಲಿಯನ್ನು ಚೂರೇ ಚೂರು ತಿರುಗಿಸಿ ಕೂತಿದ್ದರು. ಸುಯ್ಯೆಂದು ಗಾಳಿ ಬರುತ್ತಿತ್ತು. ಗೋಡೆಯ ಮೇಲೆ ನೀಲಿ ನೀರು ಇಳಿಯುತ್ತಿತ್ತು. ಅವರ ಇನ್ನೊಂದು ಕೈ ಪೈಪನ್ನು ಮೆಲ್ಲಗೆ ಸವರುತ್ತಿತ್ತು, ಬಾಯಿ "ಇಳೀಲಿ ನನ್ತಾಯಿ, ಇಳೀಲಿ" ಅನ್ನುತ್ತಿತ್ತು...

ನನಗೆ ಮೊದಲು ನಗು ಬಂತು, ಬೆನ್ನಿಗೇ ಸಿಟ್ಟು ಬಂತು. ಏನು ಮಾಡ್ತಿದ್ದೀರಿ ಅಂತ ಕೂಗಿಯೇಬಿಟ್ಟೆ. ಅವರು ಬೆಚ್ಚಿದರು, ಆದರೆ ಕದ್ದು ಸಿಕ್ಕಿಬಿದ್ದವರ ಹಾಗೆ ಬೆಚ್ಚಿದ್ದಲ್ಲ. ಮಲಗಿದ ಮಗು ಎದ್ದುಬಿಟ್ಟೀತು ಅನ್ನುವ ಹಾಗೆ ನನಗೇ ಸುಮ್ಮನಿರು ಅಂತ ಕೈ ಮಾಡಿದರು.

"ಒಟ್ಟೆ ಉಬ್ಬರ ಕಣೇ ಅದ್ಕೆ. ನಿಂಗ್ ಕಾಣಾಕಿಲ್ವಾ? ದಿನಾ ಎಂಗ್ ಏರ್ತಾದೆ ನೋಡು. ಬುಡ್ದೆ ಇದ್ರೆ ಒಡ್ದೋಯ್ತದೆ."

ಆಮೇಲೆ ನಲ್ಲಿ ಮುಚ್ಚಿ, ನೆಲದ ಮೇಲೆ ಕೂತೇ ಹೇಳಿದರು. ಅವರು ಹೊಸದಾಗಿ ಮದುವೆಯಾಗಿ ಬಂದಾಗ ತವರಿನಿಂದ ಒಂದು ಹಸು ಕೊಟ್ಟಿದ್ದರಂತೆ. ಕಂದು ಹಸು, ಹಣೆಯಲ್ಲಿ ಬಿಳಿ ಚುಕ್ಕೆ. ಒಂದು ಮಳೆಗಾಲ ಗೂಟ ಕಿತ್ತುಕೊಂಡು ಹೋಗಿ ಹಸಿ ಅಲಸಂದೆ ಹೊಲಕ್ಕೆ ಬಿದ್ದು ಮೇದುಬಿಟ್ಟಿತು. ಹೊಟ್ಟೆ ಊದತೊಡಗಿತು. ಮನೆಯ ಗಂಡಸರೆಲ್ಲ ನೀರಿನ ಸರದಿಗೆ ನಾಲೆಯ ಮೇಲೆ. ಮಾವನ ಮನೆಯಲ್ಲಿ ಜೋರಾಗಿ ಕೂಗಲೂ ಗೊತ್ತಿಲ್ಲದ ಹುಡುಗಿ ಒಬ್ಬಳೇ ಅದರ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಕೈಯ ಕೆಳಗೆ ಅದು ಏರುತ್ತಲೇ ಇತ್ತು, ತಮಟೆಯ ಹಾಗೆ ಬಿಗಿಯಾಗುತ್ತಲೇ ಇತ್ತು. ಬೆಳಿಗ್ಗೆ ಬಂದ ದನದ ಡಾಕ್ಟರು, ಪಕ್ಕೆಗೆ ಒಂದು ತೂತು ಮಾಡಿ ಗಾಳಿ ಬಿಟ್ಟಿದ್ದರೆ ಉಳಿಯುತ್ತಿತ್ತಲ್ಲಮ್ಮ ಅಂದರಂತೆ. ಅಷ್ಟು ಹೇಳಿ ನಮ್ಮತ್ತೆ ತಮ್ಮ ಅಂಗೈ ನೋಡಿಕೊಂಡರು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಹಿತ್ತಿಲಲ್ಲಿ ಸೈಕಲ್ ನಿಂತ ಸದ್ದಾಯಿತು. ಮೇಸ್ತ್ರಿ ಹ್ಯಾಂಡಲ್ಲಿಗೆ ದೊಡ್ಡ ಸುತ್ತಿಗೆ ಕಟ್ಟಿಕೊಂಡು ಬಂದಿದ್ದರು. ಈ ಸಲ ಎಷ್ಟಕ್ಕದೆ ಅಂತ ಕೇಳಲೂ ಇಲ್ಲ. ನೇರ ಗುಮ್ಮಟದ ಮೇಲಿನ ಮಣ್ಣು ಸರಿಸತೊಡಗಿದರು. ನಾನು ಓಡಿಹೋಗಿ ಅಡ್ಡ ನಿಂತೆ. ಅತ್ತೆಯ ಮಾನ, ಮನೆಯ ಮಾನ ಅಂತ ಯೋಚಿಸುವ ಜಾಯಮಾನ ನನ್ನದಲ್ಲ. ನೀವು ಕಟ್ಟಿದ್ದು ಸೋರುತ್ತಿಲ್ಲ, ನಮ್ಮತ್ತೆ ದಿನಾ ಬೆಳಿಗ್ಗೆ ನಲ್ಲಿ ತಿರುಗಿಸುತ್ತಿದ್ದಾರೆ ಅಂತ ಒಂದೇ ಉಸಿರಿಗೆ ಹೇಳಿದೆ.

ಮೇಸ್ತ್ರಿ ಸುತ್ತಿಗೆ ಕೆಳಗೆ ಬಿಟ್ಟರು. ಅವರು ನಕ್ಕುಬಿಡುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. ಅವರ ಬಾಯಲ್ಲಿ ಜೋರು ಮಾತು ನಾನು ಕೇಳಿದ್ದು ಅದೊಂದೇ ಸಲ. ಬೊಬ್ಬೆಯೆದ್ದ ಎರಡೂ ಕೈಗಳನ್ನು ಬಾಗಿಲಲ್ಲಿ ನಿಂತಿದ್ದ ನಮ್ಮತ್ತೆಯ ಕಡೆಗೆ ಚಾಚಿ, "ನಾನು ಚೆನ್ನಾಗಿದ್ದ ಗಾರೇನ ಕಿತ್ನಲ್ಲಮ್ಮಾ! ನನ್ನ ಕೈಯಾರೆ ಕಿತ್ನಲ್ಲ! ಒಂದ್ ದಿನಾನೂ ಆ ನೀರು ನನ್ನ ಕಣ್ಣಿಗೆ ಕಾಣ್ಲಿಲ್ಲ, ನೀವು ಹೇಳಿದ್ದೇ ನಿಜ ಅಂದ್ಕೊಂಡು..." ಅಂದರು.

ನಮ್ಮತ್ತೆ ಅವರ ಕೈಯನ್ನೇ ನೋಡುತ್ತಿದ್ದರು. ತಪ್ಪಾಯ್ತು ಅನ್ನುವ ಅಭ್ಯಾಸ ಅವರಿಗಿರಲಿಲ್ಲ. ಕೇಳಿದ್ದು ಇಷ್ಟು: "ಅದ್ರ ಒಟ್ಟೆ ಒಡ್ದೋದ್ರೆ ಏನಪ್ಪಾ ಮಾಡೋದು?"

ಮೇಸ್ತ್ರಿ ಟವೆಲು ಬಿಚ್ಚಿ ಮುಖ ಒರೆಸಿಕೊಂಡರು. ನಾನು ಹಸುವಿನ ಕತೆ ನಾಲ್ಕು ಮಾತಿನಲ್ಲಿ ಹೇಳಿದೆ. ಮರಗೆಲಸದವರ ಮನೆಯಲ್ಲಿ, ಟೌನಿನಲ್ಲಿ ಬೆಳೆದವರು, ದನದ ಉಬ್ಬರ ಅವರು ಕಂಡಿರಲಿಲ್ಲ. ಕತೆ ಕೇಳಿದ ಮೇಲೆ, ಬನ್ನಿ ಅಮ್ಮ ಅಂತ ನಮ್ಮತ್ತೆಯನ್ನು ಗುಂಡಿಯ ಹಿಂದಿನ ತೊಟ್ಟಿಯ ಹತ್ತಿರ ಕರೆದುಕೊಂಡು ಹೋದರು. ಗ್ಯಾಸು ಬಿಟ್ಟುಕೊಟ್ಟ ಸಗಣಿ ಕೊನೆಗೆ ಬಂದು ಸೇರುವ ತೊಟ್ಟಿ ಅದು. ಅದರ ಅಂಚಿನಲ್ಲಿ ಹೊರಗೆ ಹರಿಯಲು ಒಂದು ಕಿಂಡಿ. ನಮ್ಮ ಯಜಮಾನರಿಗೆ ಪಂಪು ಹಾಕಲು ಹೇಳಿದರು. ನನ್ನನ್ನು ಒಳಗೆ ನೀಲಿ ನೀರಿನ ಮುಂದೆ ನಿಲ್ಲಿಸಿದರು.

ಗುಂಡಿಗೆ ನೀರು ಬೀಳುತ್ತಿದ್ದ ಹಾಗೆ ತೊಟ್ಟಿಯಲ್ಲೂ ನೀರು ಏರಿತು. ನಾನು ಒಳಗಿನಿಂದ ಕೂಗಿದೆ, ಒಂದು ಗೇಣು. ಒಂದೂವರೆ. ಎರಡು ಗೇಣು. ಅಷ್ಟು ಹೊತ್ತಿಗೆ ತೊಟ್ಟಿ ತುಂಬಿ ಕಿಂಡಿಯಿಂದ ನೀರು ಹೊರಗೆ ಹರಿಯತೊಡಗಿತು. ಪಂಪು ಓಡುತ್ತಲೇ ಇತ್ತು. ನಾನು ಮತ್ತೆ ಕೂಗಿದೆ, ಎರಡೇ ಗೇಣು. ಇನ್ನೂ ಎರಡೇ.

"ನೋಡಿದ್ರಾ ಅಮ್ಮ? ಇಲ್ಲಿ ಚೆಲ್ಲೋಕೆ ಶುರುವಾದ್ರೆ ಮುಗೀತು, ಅಲ್ಲಿ ಒಂದ್ ಬೆರಳೂ ಮೇಲಕ್ಕೆ ಹೋಗಲ್ಲ. ನಾಳೆ ಗ್ಯಾಸ್ ಆದ್ರೂ ಹಿಂಗೇ. ಒಳಗೆ ಹೆಚ್ಚಾದಷ್ಟು ಸಗಣಿ ಈ ಕಡೆ ತಳ್ತದೆ. ತೀರಾ ಹೆಚ್ಚಾದ್ರೆ ಗ್ಯಾಸು ತಾನೇ ಗುಳುಗುಳು ಅಂತ ಇಲ್ಲಿಂದ ಹೊರಕ್ಕೆ ಬರ್ತದೆ."

ನಮ್ಮತ್ತೆ ಬಗ್ಗಿ ತೊಟ್ಟಿಯನ್ನು ನೋಡಿದರು, ಗುಮ್ಮಟವನ್ನು ನೋಡಿದರು. ಅವರ ಮುಖ ಸಡಿಲವಾಯಿತು.

"ಅಂಗಾರೆ ಇದು ತೇಗ್ತದೆ ಅನ್ನು."

"ತೇಗ್ತದೆ ಅಮ್ಮ. ಜೋರಾಗೇ ತೇಗ್ತದೆ."

"ಅಂಗ್ ಏಳ್ಬಾರ್ದಾ ಮದ್ಲೇ!" ಅಂತ ಅವರನ್ನೇ ಗದರಿಸಿ ನಮ್ಮತ್ತೆ ಒಳಗೆ ಹೊರಟರು. ಬಾಗಿಲ ಹತ್ತಿರ ಹೋದವರು ಹಿಂತಿರುಗಿ ನಿಂತು, ಎಲ್ಲೋ ನೋಡುತ್ತ ಹೇಳಿದರು: "ಒಳಕ್ ಬಾ. ನೀನೇ ನೋಡ್ಕೊ."

ಮೇಸ್ತ್ರಿ ನನ್ನ ಮುಖ ನೋಡಿದರು. ನನಗೂ ನಂಬಿಕೆ ಬಂದಿರಲಿಲ್ಲ. ಅವರು ತೊಟ್ಟಿಯ ನೀರಿನಲ್ಲಿ ಕಾಲು ತೊಳೆದುಕೊಂಡು, ಒದ್ದೆ ಹೆಜ್ಜೆಯಲ್ಲೇ ಒಳಗೆ ಬಂದು, ತಾವೇ ಕಟ್ಟಿಕೊಟ್ಟ ಹಲಗೆಯ ಮುಂದೆ ಮೊದಲ ಸಲ ನಿಂತರು. ಬಹಳ ಹೊತ್ತು ನೋಡಿದರು. ಆಮೇಲೆ, ಹಲಗೆ ಸೊಟ್ಟ ಹೊಡ್ದವ್ರೆ ಯಜಮಾನ್ರು, ಅಂದರು.

ಆ ರಾತ್ರಿ ನಲ್ಲಿಯನ್ನು ಯಾರೂ ಮುಟ್ಟಲಿಲ್ಲ. ಸೋಮವಾರ ಬಂದ ಸಾಹೇಬರು ಚಪ್ಪಲಿ ಬಿಟ್ಟು ನೇರವಾಗಿ ಅಡುಗೆಮನೆಗೆ ನುಗ್ಗಿದರು. ಅವರ ಜಾತಿ ಯಾವುದು ಅಂತ ನಮ್ಮತ್ತೆ ಕೇಳಲಿಲ್ಲ, ಪ್ಯಾಂಟು ಹಾಕಿದವರನ್ನು ಯಾರೂ ಕೇಳುವುದಿಲ್ಲ. ನೀರು ಎರಡು ಗೇಣಿಗಿಂತ ಒಂದೇ ಒಂದು ಬೆರಳು ಕೆಳಗಿತ್ತು. ಸಾಹೇಬರು ತಲೆಯಾಡಿಸಿ, ಪಿರಿಯಾಪಟ್ಟಣದ ಕಡೆ ಮೂರು ಮನೆ ಇದೆ, ಮುಂದಿನ ವಾರ ಶುರು ಮಾಡು ಅಂದರು. ಮೇಸ್ತ್ರಿ ಗೋಡೆಯ ಕಡೆ ತಿರುಗಿ ಟವೆಲಿನಿಂದ ಮತ್ತೆ ಮತ್ತೆ ಮುಖ ಒರೆಸಿಕೊಂಡರು.

ಸಗಣಿ ತುಂಬಿ, ಕೆಲವು ವಾರ ಕಾದು, ನೀಲಿ ಉರಿ ಹತ್ತಿದ ದಿನ ನಾನು ಒಲೆಯ ಮುಂದೆ ಕೂತು ಸುಮ್ಮನೆ ಅತ್ತುಬಿಟ್ಟೆ. ಹೊಗೆಯಿಲ್ಲದೆ ಅತ್ತದ್ದು ಎಷ್ಟು ದಿನಕ್ಕೋ. ಮೊದಲ ಹಾಲು ಉಕ್ಕಿಸಿ ಮೇಸ್ತ್ರಿಗೂ ಕಾಫಿ ಕೊಟ್ಟೆವು. ಲೋಟ ಮಾತ್ರ ಅದೇ ಗೂಡಿನದು... ಸುಳ್ಳು ಯಾಕೆ ಹೇಳಲಿ. ಆ ಲೋಟ ಒಳಗಿನ ಲೋಟಗಳ ಜೊತೆ ಸೇರುವುದಕ್ಕೆ ಇನ್ನೂ ವರ್ಷಗಳು ಹಿಡಿದವು. ಯಾವ ದಿನ ಸೇರಿತು ಅಂತ ನನಗೆ ನೆನಪಿಲ್ಲ, ಯಾರೂ ಅದನ್ನು ದೊಡ್ಡದು ಮಾಡಲಿಲ್ಲ.

ಅಲ್ಲಿಂದ ಮುಂದೆ ನಮ್ಮ ಮನೆಯ ಅಡುಗೆ ತೀರ್ಮಾನವಾಗುತ್ತಿದ್ದದ್ದು ಆ ಕೊಳವೆಯಿಂದ. ನಮ್ಮತ್ತೆ ಬೆಳಿಗ್ಗೆ ಎದ್ದು ಮೊದಲು ಅದನ್ನು ನೋಡುತ್ತಿದ್ದರು. ಎರಡು ಗೇಣಿದ್ದರೆ ಮುದ್ದೆ, ಅನ್ನ, ಹುರುಳಿ ಸಾರು. ಒಂದು ಗೇಣಾದರೆ ಉಪ್ಪಿಟ್ಟು. ಅದಕ್ಕೂ ಕೆಳಗಿದ್ದರೆ, ನೀವು ಯಾರೂ ದನಕ್ಕೆ ಸರಿಯಾಗಿ ಮೇವು ಹಾಕಿಲ್ಲ ಅಂತ ನಮಗೆಲ್ಲ ಮಂಗಳಾರತಿ. ಹಿತ್ತಿಲಲ್ಲಿ ತೊಟ್ಟಿ ಗುಳುಗುಟ್ಟಿದರೆ, "ತೇಗ್ತು ನೋಡು, ಒಟ್ಟೆ ತುಂಬದೆ" ಅಂತ ಖುಷಿ.

ಮೇಸ್ತ್ರಿ ಹೊಸ ಗಿರಾಕಿಗಳನ್ನು ಕಟ್ಟಿಕೊಂಡು ಆಗಾಗ ಬರುತ್ತಿದ್ದರು. ಸಾಲಿಗ್ರಾಮದವರು, ಎಚ್.ಡಿ. ಕೋಟೆಯವರು, ಒಮ್ಮೆ ಕಾಡಂಚಿನ ವೀರನಹೊಸಹಳ್ಳಿಯವರೂ ಬಂದಿದ್ದರು. ಗುಂಡಿ ಒಡೆದುಹೋದರೆ ಅಂತ ಯಾರಾದರೂ ಹೆಂಗಸು ಕೇಳಿದರೆ ಸಾಕು, ಮೇಸ್ತ್ರಿ ಬಾಯಿ ಮುಚ್ಚಿಕೊಂಡು ನಮ್ಮತ್ತೆಯ ಕಡೆ ನೋಡುತ್ತಿದ್ದರು. ನಮ್ಮತ್ತೆ ಸೆರಗು ಸಿಕ್ಕಿಸಿಕೊಂಡು ತೊಟ್ಟಿಯ ಹತ್ತಿರ ಭಾಷಣಕ್ಕೆ ನಿಲ್ಲುತ್ತಿದ್ದರು. ಆದರೆ ಒಂದು ಮಾತು. ನಮ್ಮ ಮನೆಯದಾದ ಮೇಲೆ ಮೇಸ್ತ್ರಿ ಕಟ್ಟಿದ ಕಡೆಯಲ್ಲೆಲ್ಲ ಪರೀಕ್ಷೆಯ ಹೊತ್ತಿಗೆ ಒಂದು ಕೊಳವೆಯನ್ನು ಹಿತ್ತಿಲ ಗೋಡೆಯ ಹೊರಗೇ ಹೊಡೆಯುತ್ತಿದ್ದರು. ಯಾಕೆ ಅಂತ ಕೇಳಿದ್ದಕ್ಕೆ ನಗುತ್ತ ಹೇಳಿದ್ದರು, ಎಲ್ಲಾ ಮನೆ ಅತ್ತೇರೂ ಒಳಕ್ಕೆ ಕರೀತಾರಾ ಅಕ್ಕಾ?

ಅವರಿಗೆ ಒಂದು ಕೊರಗು ಮಾತ್ರ ಉಳಿದಿತ್ತು. ಎಷ್ಟೋ ವರ್ಷವಾದ ಮೇಲೂ ಬಂದಾಗಲೆಲ್ಲ ಗುಮ್ಮಟದ ಮೇಲೆ ಕೈಯಾಡಿಸಿ ಅದನ್ನೇ ಹೇಳುತ್ತಿದ್ದರು. ಅಮ್ಮ ತಿರುಗಿಸಿದ್ದು ಸರಿ, ಒಂದು ಹಗಲು ನಿಂತದ್ದೂ ಸರಿ. ಆದರೆ ನಾನು ಮೊದಲು ಹಚ್ಚಿದ ಗಾರೆ ಅದೊಂದೇ ಇಷ್ಟು ವರ್ಷ ನಿಲ್ಲುತ್ತಿತ್ತಾ, ಇಲ್ಲ ಮೇಲೆ ಬಳಿದ ಮೇಣ ನಿಲ್ಲಿಸಿತಾ? ಅದು ಹೇಗೆ ಗೊತ್ತಾಗಬೇಕು? ಇಷ್ಟೊಂದು ಕಟ್ಟಿದ್ದೀರಲ್ಲ, ಒಂದೂ ಸೋರಿಲ್ಲವಲ್ಲ, ಇನ್ನೇನು ಅಂತ ನಾನು ಗದರಿಸಿದರೆ, ಇದು ಮೊದಲನೇದು ಅಕ್ಕಾ ಅನ್ನುತ್ತಿದ್ದರು. ಗುಮ್ಮಟ ಕಟ್ಟಿದವನಿಗೆ ಅದರ ಒಳಗು ಮತ್ತೆ ಕಾಣುವುದಿಲ್ಲ, ಕಾಣಬೇಕು ಅಂದರೆ ಒಡೆಯಬೇಕು. ಅದಂತೂ ಆಗಬಾರದು ಅಂತ ತಾವೇ ಹೇಳಿ ನಗುತ್ತಿದ್ದರು...

ನಮ್ಮತ್ತೆ ಹೋದರು. ದನಗಳು ಒಂದೊಂದೇ ಕಡಿಮೆಯಾಗಿ, ಗದ್ದೆಗೆ ಟಿಲ್ಲರ್ ಬಂತು, ಒಲೆಗೆ ಸಿಲಿಂಡರ್ ಬಂತು. ನೀಲಿ ನೀರು ಎರಡೂ ಕಾಲಿನಲ್ಲಿ ಒಂದೇ ಮಟ್ಟಕ್ಕೆ ನಿಂತು, ಹಾಗೇ ಆರಿಹೋಯಿತು. ಮೇಸ್ತ್ರಿ ಬರುವುದೂ ಕಡಿಮೆಯಾಯಿತು, ಕಟ್ಟಿಸುವವರೇ ಇರಲಿಲ್ಲ. ಹೋದ ಬೇಸಿಗೆಯಲ್ಲಿ ಟಿಲ್ಲರ್ ನಿಲ್ಲಿಸಲು ಹಿತ್ತಿಲಲ್ಲಿ ಜಾಗ ಬೇಕು ಅಂತ ಮನೆಯವರೆಲ್ಲ ಸೇರಿ ಗುಮ್ಮಟ ಒಡೆಸಿದರು. ನಾನು ಬೇಡ ಅನ್ನಲಿಲ್ಲ. ಬೇಡ ಅನ್ನುವುದಕ್ಕೆ ನನ್ನ ಹತ್ತಿರ ಕಾರಣವಿರಲಿಲ್ಲ.

ಜೆಸಿಬಿಯವನು ಮೊದಲ ಏಟಿಗೆ ಸೋತ. ಆಮೇಲೆ ಬಿದ್ದ ದೊಡ್ಡ ಚಕ್ಕೆಗಳನ್ನು ನಾನು ಒಂದೊಂದಾಗಿ ಮಗುಚಿ ನೋಡಿದೆ. ಎಲ್ಲರೂ ನಕ್ಕರು, ನಗಲಿ. ಉಳಿ ತಾಗಿಸಿದ ಜಾಗಗಳು ಗುರುತು ಸಿಕ್ಕವು. ಉಳಿ ತಾಗದ ಕಡೆ ಮೇಣದ ಪದರ ಉಗುರಿಗೆ ಸಿಕ್ಕಿ ಎದ್ದುಬಂತು. ಅದರ ಕೆಳಗೆ ಅವರ ಮೊದಲ ಗಾರೆ. ನಯವಾಗಿ, ಬಿಗಿಯಾಗಿ, ಕರಣೆ ಎಳೆದ ಗೆರೆಯೂ ಅಳಿಯದೆ ಹಾಗೇ ಕೂತಿತ್ತು. ಒಂದು ಬಿರುಕೂ ಇಲ್ಲ. ಉಗುರಿನಿಂದ ಕೆರೆದು ನೋಡಿದೆ, ಪುಡಿ ಕೂಡ ಉದುರಲಿಲ್ಲ.

ಮೇಸ್ತ್ರಿಗೆ ಇವತ್ತೇ ಹೇಳಬೇಕು, ನಾಳೆ ಹೇಳಿದರಾಯಿತು ಅಂತ ಮುಂದಕ್ಕೆ ಹೋಗುತ್ತಲೇ ಇತ್ತು, ಮೊನ್ನೆ ಆ ನೀಲಿ ನೋಡಿದ ಮೇಲೆ ತಡೆಯಲಾಗಲಿಲ್ಲ. ಯಜಮಾನರ ಮೊಬೈಲಿನಲ್ಲಿ ಗ್ಯಾಸ್ ಮೇಸ್ತ್ರಿ ಅಂತ ನಂಬರು ಇನ್ನೂ ಇತ್ತು. ಫೋನ್ ಎತ್ತಿದ್ದು ಅವರ ಹೆಂಡತಿ. ನಾನು ಒಮ್ಮೆಯೂ ನೋಡದ ಹೆಂಗಸು. ಮಿರ್ಲೆಯ ಮನೆಯವಳು, ಮೇಸ್ತ್ರಿಯವರಿಗೆ ಕೊಡಿ ಅಂದೆ.

"ಅವರು ಹೋಗ್ಬಿಟ್ರಲ್ಲಮ್ಮ. ರಂಜಾನ್‌ಗೆ ಮುಂಚೆ."

ಅವರೇ, ಏನಾಗ್ಬೇಕಿತ್ತಮ್ಮ ಅಂತ ಕೇಳಿದರು. ಏನಿಲ್ಲ ಅಂದು ಇಟ್ಟುಬಿಡಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಹೇಳಿದೆ. ಅವರು ಮೊದಲು ಕಟ್ಟಿದ ಗುಮ್ಮಟ ಒಡೆಸಿದೆವು, ಒಳಗೆ ಒಂದು ಬಿರುಕೂ ಇರಲಿಲ್ಲ, ಅದನ್ನು ತಿಳಿಸೋಣ ಅಂತ ಮಾಡಿದೆ ಅಂದೆ.

"ಮನೇಲೂ ಹೇಳ್ತಿದ್ರು ಅದನ್ನ," ಅಂದರು ಅವರು. "ಶುಕ್ರವಾರ ನಮಾಜ್ ಮುಗಿಸಿ ಮಗ ಖಬರಸ್ತಾನಕ್ಕೆ ಹೋಗ್ತಾನೆ. ಅಲ್ಲಿ ಅವರಿಗೆ ಹೇಳೋಕೆ ಹೇಳ್ತೀನಿ. ಸರಿಯಾಗಿ ಇನ್ನೊಂದ್ಸಲ ಹೇಳಿಮ್ಮ, ಯಾವ ಗಾರೆ?"

"ಮೊದಲ್ನೇದು ಕಣಮ್ಮ," ಅಂದೆ. "ಮೇಣದ ಕೆಳಗಿತ್ತಲ್ಲ, ಅವರು ಮೊದಲು ಹಚ್ಚಿದ್ದು. ಅದೇ ನಿಂತಿತ್ತು."